ಅಪ್ಪನ ಸ್ಕ್ಯಾನ್ ವಿಚಾರ

ಪ್ರೀತಿಯ ಅಕ್ಕ,

ಅಪ್ಪನ ರಿಪೋರ್ಟ್ ಸಿಕ್ಕಿತು. ಮೂರು ಸಲ ಓದಿದೆ. ಮಹಾಪಧಮನಿಯ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ) ಕಮಾನು ಊದಿಕೊಂಡು 5.8 ಸೆಂಟಿಮೀಟರ್ ಆಗಿದೆ. 5.5 ಮುಟ್ಟಿದರೆ ಸಾಮಾನ್ಯವಾಗಿ ರಿಪೇರಿಯ ಮಾತು ಬರುತ್ತದೆ. ಹಾಗಾಗಿ ಡಾಕ್ಟರು ಸುಮ್ನೆ ಹೆದರಿಸುತ್ತಿಲ್ಲ. ಯೋಚಿಸಲು ಸಮಯವಿದೆ. ಆದರೆ ಎದೆಯಲ್ಲೋ ಬೆನ್ನಲ್ಲೋ ದಿಢೀರ್ ನೋವು ಬಂದರೆ ಮಾತ್ರ ಒಂದು ನಿಮಿಷವೂ ಕಾಯಬೇಡಿ.

"ತೊಡೆಸಂದಿಯಿಂದ ಸ್ಟೆಂಟ್ ಹಾಕಿ ಬೇಗ ಮನೆಗೆ ಕಳಿಸ್ತಾರಂತೆ, ಎದೆ ಯಾಕೆ ಕೊಯ್ಯಬೇಕು?" ಅಂತ ನೀನು ಕೇಳಿದೆ ಅಲ್ವಾ? ಫೋನಿನಲ್ಲಿ ನನಗೆ ಸರಿಯಾಗಿ ಹೇಳಲು ಆಗಲಿಲ್ಲ. ನಾನು ಸಿಟಿ ಸ್ಕ್ಯಾನ್ ತೆಗೆಯುವವನು, ಸರ್ಜನ್ ಅಲ್ಲ. ಆದರೆ ಸ್ಟೆಂಟ್ ಗ್ರಾಫ್ಟ್ ಹಾಕಿಸಿಕೊಂಡವರು ವರ್ಷ ವರ್ಷ ಬಂದು ಮಲಗುವುದು ನಮ್ಮ ಮೇಜಿನ ಮೇಲೇ.

ಅದರ ಮಾದರಿಯೊಂದನ್ನು ಒಮ್ಮೆ ಕೈಯಲ್ಲಿ ಹಿಡಿದಿದ್ದೆ. ಬಟ್ಟೆಯ ಕೊಳವೆ, ಅದಕ್ಕೆ ಅಂಕುಡೊಂಕಾಗಿ ಹೊಲಿದ ನಿಟಿನಾಲ್ ಅನ್ನುವ ಲೋಹದ ತಂತಿ. ಅಮುಕಿದರೆ ಕುಗ್ಗುತ್ತದೆ, ಬೆರಳು ತೆಗೆದರೆ ಪುಟಿದು ಅಗಲವಾಗುತ್ತದೆ. ಆ ಬಲದಿಂದಲೇ ಅದು ರಕ್ತನಾಳಕ್ಕೆ ಒತ್ತಿ ಕೂರುತ್ತದೆ. ಕೂರಲು ಊತದ ಆಚೆ ಈಚೆ ಸುಮಾರು 2 ಸೆಂಟಿಮೀಟರ್ ಒಳ್ಳೆಯ ಗೋಡೆ ಬೇಕು.

ಮಹಾಪಧಮನಿ ಎದೆಯಲ್ಲಿ ಕೆಳಗಿಳಿಯುವ ಭಾಗಕ್ಕೆ 1992ರಲ್ಲೇ ಸ್ಟ್ಯಾನ್‌ಫೋರ್ಡ್‌ನಲ್ಲಿ ಮೈಕೆಲ್ ಡೇಕ್ ತಂಡ ಇದನ್ನು ಹಾಕಿತ್ತು. ಅದು ಹೆಚ್ಚೂಕಡಿಮೆ ನೇರ ಕೊಳವೆ. ಕಮಾನು ಹಾಗಲ್ಲ. ಬಾಗಿದೆ, ಮಿದುಳಿಗೂ ಕೈಗಳಿಗೂ ರಕ್ತ ಒಯ್ಯುವ ಮೂರು ಕವಲು ಅಲ್ಲಿಂದಲೇ ಹೊರಡುತ್ತವೆ. ಸುಮ್ಮನೆ ಬಟ್ಟೆ ಹೊದಿಸಿದರೆ ಆ ಕವಲು ಮುಚ್ಚಿಹೋಗುತ್ತವೆ. ಅದಕ್ಕೇ ಮೊದಲು ಕುತ್ತಿಗೆಯಲ್ಲಿ ಬೈಪಾಸ್ ಮಾಡಿ ಕವಲಿಗೆ ರಕ್ತ ಹೋಗಲು ಬದಲಿ ದಾರಿ ಕೊಡುತ್ತಾರೆ, ಇಲ್ಲವೇ ಕವಲಿರುವ ಗ್ರಾಫ್ಟನ್ನೇ ಹಾಕುತ್ತಾರೆ. ಒಂದು ಕವಲಿನ ಗ್ರಾಫ್ಟಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದೇ 2022ರಲ್ಲಿ.

ನನಗೆ ಜಾಸ್ತಿ ಭಯ ಇರುವುದು ಸ್ಟ್ರೋಕ್ ಬಗ್ಗೆ. ತಂತಿ, ಕೊಳವೆಗಳು ಕಮಾನಿನೊಳಗೆ ಓಡಾಡುವಾಗ ಗೋಡೆಗಂಟಿದ ಕೊಬ್ಬಿನ ಚೂರು ಎದ್ದು ಮಿದುಳಿಗೆ ಹೋಗಬಹುದು. ಗ್ರಾಫ್ಟಿನ ಮೇಲ್ತುದಿ ಹೃದಯದ ಹತ್ತಿರ ಹೋದಷ್ಟೂ ಅಪಾಯ ಹೆಚ್ಚು. ಅಪರೂಪಕ್ಕೆ ರಕ್ತನಾಳದ ಗೋಡೆ ಹೃದಯದ ಕಡೆಗೆ ಸೀಳುವುದೂ ಉಂಟು.

ಹಾಗಂತ ಎದೆ ತೆರೆಯುವುದು ಹಗುರವಲ್ಲ. ಮೈ ತಂಪು ಮಾಡಿ, ರಕ್ತದ ಓಟವನ್ನೇ ಸ್ವಲ್ಪ ಹೊತ್ತು ನಿಲ್ಲಿಸಿ, ಮಿದುಳಿಗೆ ಬೇರೆ ದಾರಿಯಿಂದ ರಕ್ತ ಕೊಡುತ್ತಾರೆ. ಗಟ್ಟಿ ಮೈಯವರಿಗೆ, ರಕ್ತನಾಳದ ಗೋಡೆ ಹುಟ್ಟಿನಿಂದಲೇ ದುರ್ಬಲವಾಗಿರುವ ಮಾರ್ಫಾನ್‌ನಂಥ ಕಾಯಿಲೆ ಇದ್ದವರಿಗೆ ಅದೇ ಮೇಲು, ಬಾಳಿಕೆಯೂ ಜಾಸ್ತಿ. ಅಪ್ಪನಿಗೆ 76, ಶ್ವಾಸಕೋಶವೂ ಸೋತಿದೆ. ಅದಕ್ಕೇ ನನ್ನ ಮನಸ್ಸು ಸ್ಟೆಂಟ್ ಕಡೆಗೇ ವಾಲುತ್ತಿದೆ. ಎರಡರ ಫಲಿತಾಂಶ ಪಕ್ಕಪಕ್ಕ ಇಟ್ಟು ತೋರಿಸಿದರೆ ಒಂದು ನೆನಪಿಡು: ಸ್ಟೆಂಟ್ ಹಾಕಿಸಿಕೊಂಡವರು ಹೆಚ್ಚಾಗಿ ವಯಸ್ಸಾದವರು, ಬೇರೆ ಕಾಯಿಲೆ ಇದ್ದವರು, ಹಾಗಾಗಿ ಅದು ಸರಿಸಮ ಹೋಲಿಕೆ ಅಲ್ಲ.

ಹೋದ ವಾರ ಒಬ್ಬ ಅಜ್ಜ ಬಂದಿದ್ದರು. ಸ್ಟೆಂಟ್ ಹಾಕಿ ಐದು ವರ್ಷ. ಹಳೆಯ ಚಿತ್ರದ ಪಕ್ಕ ಹೊಸದನ್ನು ಇಟ್ಟು ನೋಡಿದೆ, ಊತ ಕುಗ್ಗಿತ್ತು. ಅವರ ಹಿಂದೆ ಬಂದ ಹೆಂಗಸಿಗೆ ಮೂರನೇ ವರ್ಷ ಗ್ರಾಫ್ಟಿನ ಅಂಚಿನಲ್ಲಿ ಸ್ಕ್ಯಾನಿಗಾಗಿ ರಕ್ತಕ್ಕೆ ಕೊಡುವ ಬಣ್ಣ ಬಿಳಿ ಗೆರೆಯಂತೆ ಆಚೆ ಹರಿದಿತ್ತು. ರಕ್ತ ಸೋರುತ್ತಿದೆ ಅಂತ ಅರ್ಥ. ಅವರಿಗೆ ಮತ್ತೊಂದು ಸಲ ಚಿಕಿತ್ಸೆ ಬೇಕಾಗಬಹುದು. ಅವರಿಗೆ ನೋವೇ ಇರಲಿಲ್ಲ, ಸ್ಕ್ಯಾನಿಗೆ ಬಂದಿದ್ದಕ್ಕೆ ಗೊತ್ತಾಯಿತು. ಅಪ್ಪನಿಗೂ ಮೊದಲ ತಿಂಗಳು ಒಂದು ಸ್ಕ್ಯಾನ್, ಆಮೇಲೆ ವರ್ಷಕ್ಕೊಂದು ತಪ್ಪಿಸಬಾರದು. ಈಗಲೇ ಅವರಿಗೆ ಹೇಳಿಬಿಡು, ಆಮೇಲೆ ಬೇಸರ ಮಾಡಿಕೊಳ್ಳುತ್ತಾರೆ.

ಡಾಕ್ಟರನ್ನು ನೋಡಲು ಭಾವನೂ ಜೊತೆಗೆ ಬರಲಿ. ಗ್ರಾಫ್ಟ್ ಎಲ್ಲಿಂದ ಶುರುವಾಗುತ್ತದೆ, ಎಡಗೈಯ ಕವಲನ್ನು ಏನು ಮಾಡುತ್ತಾರೆ, ಕಮಾನಿನ ಕೇಸು ಅವರು ಎಷ್ಟು ಮಾಡಿದ್ದಾರೆ, ಅವರಲ್ಲಿ ಎಷ್ಟು ಜನಕ್ಕೆ ಸ್ಟ್ರೋಕ್ ಆಗಿದೆ ಅಂತ ಕೇಳಿ. ನಾಚಿಕೆ ಬೇಡ. ಸ್ಕ್ಯಾನಿನ ಸಿಡಿ ಇಸ್ಕೊಂಡು ಪೂರ್ತಿ ಚಿತ್ರಗಳನ್ನು ಕಳಿಸು. ಬರೀ ರಿಪೋರ್ಟ್ ಸಾಲದು, ಆ ಕವಲುಗಳನ್ನು ನಾನೇ ಕಣ್ಣಾರೆ ನೋಡಬೇಕು.

ನಿನ್ನ ತಮ್ಮ