ನನಗಾಗಿ ಸಿನಿಮಾ ನೋಡಿದವರಿಗೆ

ಮೊನ್ನೆ ಸೋಮವಾರ ಡಾಕ್ಟರು ಬಲಗಣ್ಣಿಗೆ ಲೈಟು ಬಿಟ್ಟು ನೋಡಿ, "ರೆಟಿನಾ ಚೆನ್ನಾಗಿ ಕೂತಿದೆ, ಇನ್ನು ನಿಮ್ಮ ಸಿನಿಮಾ ಶುರು ಮಾಡಿ" ಅಂದರು. ಕಿತ್ತುಬಂದಿದ್ದ ರೆಟಿನಾವನ್ನು, ಅಂದರೆ ಕಣ್ಣೊಳಗೆ ಹಿಂಬದಿಯಲ್ಲಿ ಬೆಳಕು ಹಿಡಿಯುವ ಪದರವನ್ನು, ಮತ್ತೆ ಕೂರಿಸುವ ಆಪರೇಷನ್ ಆಗಿ ಮೂರು ತಿಂಗಳಾಯಿತು. ಈ ಮೂರು ತಿಂಗಳಲ್ಲಿ ಫೋನು ಮಾಡಿದವರ ಜೊತೆ, ಮನೆಗೆ ಬಂದು ಕೂತವರ ಜೊತೆ ನೆಟ್ಟಗೆ ಮಾತಾಡಲೂ ಆಗಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶುರುವಾಗಿದ್ದು ಚುಕ್ಕಿಗಳಿಂದ. ಕಣ್ಣೆದುರು ಕರಿ ಚುಕ್ಕಿಗಳು, ನೂಲಿನ ಎಳೆಯಂಥವು ತೇಲಾಡಿದವು. ಕತ್ತಲಲ್ಲಿ ಕಣ್ಣಂಚಿಗೆ ಮಿಂಚು ಹೊಡೆದ ಹಾಗಾಗುತ್ತಿತ್ತು. ನಿದ್ದೆಗೆಟ್ಟಿದ್ದಕ್ಕೆ ಇರಬೇಕು ಅಂತ ನಾಲ್ಕು ದಿನ ಸುಮ್ಮನಿದ್ದೆ. ಐದನೇ ದಿನ ಬೆಳಿಗ್ಗೆ ಕೆಳಗಿನಿಂದ ಒಂದು ಕಪ್ಪು ಪರದೆ ಏಳುತ್ತಿತ್ತು. ಕೈಕಾಲು ತಣ್ಣಗಾದವು. ನಿಮ್ಮಲ್ಲಿ ಯಾರಿಗಾದರೂ ಹೀಗಾದರೆ ದಯವಿಟ್ಟು ನನ್ನ ಹಾಗೆ ಕಾಯಬೇಡಿ, ಅವತ್ತೇ ಕಣ್ಣಿನ ಆಸ್ಪತ್ರೆಗೆ ಹೋಗಿ.

ಆಪರೇಷನ್ ಮಾಡಿ ಕಣ್ಣೊಳಗೆ ಗ್ಯಾಸ್ ತುಂಬಿದರು. ಆ ಗುಳ್ಳೆ ರೆಟಿನಾವನ್ನು ಒತ್ತಿ ಹಿಡಿದುಕೊಳ್ಳಬೇಕು ಅಂದರೆ ಮುಖ ಕೆಳಗೆ ಹಾಕಿಕೊಂಡೇ ಇರಬೇಕು. ಊಟ, ನಿದ್ದೆ ಎಲ್ಲ ಹಾಗೇ, ಹತ್ತು ದಿನ. ನನ್ನ ಎಡಗಣ್ಣು ಚಿಕ್ಕಂದಿನಿಂದಲೂ ಮಂಜು. ಹಾಗಾಗಿ ಆ ಹತ್ತು ದಿನ ನನಗೆ ಕಂಡದ್ದು ಏನೂ ಇಲ್ಲ ಅಂದರೂ ನಡೆದೀತು. ಆಪರೇಷನ್ ಮಾಡಿದ ಡಾಕ್ಟರಿಗೆ, ಡ್ರಾಪ್ಸ್ ಹಾಕುವಾಗ ಪ್ರತಿ ಸಲ "ಸ್ವಲ್ಪ ಉರಿಯತ್ತೆ ಅಣ್ಣ" ಅಂತ ಮೊದಲೇ ಹೇಳುತ್ತಿದ್ದ ನರ್ಸಮ್ಮನಿಗೆ, ನನ್ನ ಕೆಲಸ ಹಂಚಿಕೊಂಡ ಆಫೀಸಿನವರಿಗೆ ಮೊದಲ ನಮಸ್ಕಾರ.

ಮೂರನೇ ದಿನ ಮಗಳು ಮಂಚದ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. "ಅಪ್ಪ, ನೀನು ಕೇಳಿಸ್ಕೋ. ನಾನು ನೋಡಿ ಹೇಳ್ತೀನಿ. ಯಾವುದು ಹಾಕಲಿ?" 'ಘಟಶ್ರಾದ್ಧ' ಅಂದೆ. ಗಿರೀಶ್ ಕಾಸರವಳ್ಳಿಯವರ ಮೊದಲ ಕಥಾಚಿತ್ರ, 1977ರದು, ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯಾದ ಸ್ವರ್ಣಕಮಲ ಪಡೆದದ್ದು. ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಎಸ್. ರಾಮಚಂದ್ರ ಅವರ ಕಪ್ಪು ಬಿಳುಪಿನ ಛಾಯಾಗ್ರಹಣದ ಬಗ್ಗೆ ಗೆಳೆಯರ ತಲೆ ತಿಂದವನು ನಾನು. ಮಗಳು ನೋಡಿರಲಿಲ್ಲ.

ಮೊದಮೊದಲು ಅವಳಿಗೆ ಹೇಳಲು ಬರಲಿಲ್ಲ. "ಹುಡುಗ ಇದಾನೆ. ಮನೆ. ಕತ್ತಲೆ." ಬರಬರುತ್ತಾ ಮಾತು ಹಿಡಿಯಿತು. ಬಸುರಿಯಾದ ವಿಧವೆ ಯಮುನೆ, ಅವಳನ್ನು ಬಿಟ್ಟಿರಲಾರದ ಪುಟ್ಟ ನಾಣಿ. "ಅವಳು ಏನೂ ಹೇಳ್ತಿಲ್ಲ ಅಪ್ಪ, ಆದ್ರೆ ಈ ಹುಡುಗನಿಗೆ ಏನೋ ಗೊತ್ತಾಗ್ತಿದೆ." ಕೊನೆಗೆ ಬಂದಾಗ ಸುಮ್ಮನಾಗಿಬಿಟ್ಟಳು. ನನಗೆ ಗೊತ್ತಿತ್ತು, ಕೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹೇಳಿದಳು: "ತಲೆ ಬೋಳಿಸಿಬಿಟ್ಟಿದಾರಪ್ಪ. ಮರದ ಕೆಳಗೆ ಒಬ್ಬಳೇ ಕೂತಿದಾಳೆ. ಆ ಹುಡುಗ ಅವನಪ್ಪನ ಜೊತೆ ಹೋಗ್ತಿದಾನೆ." ನನ್ನ ಬೆನ್ನ ಮೇಲಿದ್ದ ಅವಳ ಕೈ ಬಿಗಿಯಾಯಿತು. ಅಷ್ಟು ವರ್ಷ ನಾನು ಬೆಳಕು, ನೆರಳು ಅಂತ ಮೆಚ್ಚಿಕೊಂಡಿದ್ದ ಜಾಗದಲ್ಲಿ ಒಂದು ಹೆಣ್ಣುಮಗು ಕೂತಿದೆ ಅನ್ನುವುದು ಆ ಕೈಯಿಂದ ನನಗೆ ತಿಳಿಯಿತು. ಮಗಳೇ, ನಿನಗೆ ಏನು ಹೇಳಲಿ.

ಅಮ್ಮ ಬಂದು ನಾಲ್ಕು ದಿನ ಇದ್ದಳು. ಅವಳಿಗೆ 'ಬಂಗಾರದ ಮನುಷ್ಯ' ಆಗಬೇಕು. 1972ರ ಆ ಚಿತ್ರವನ್ನು ಅವಳು ನಮ್ಮೂರ ಟೆಂಟಿನಲ್ಲಿ ನೋಡಿದ್ದು, ನೆಲದ ಟಿಕೆಟ್ಟಿನಲ್ಲಿ. ಅವಳು ಪರದೆ ಮೇಲಿನದನ್ನು ಹೇಳಲೇ ಇಲ್ಲ, ಟೆಂಟಿನಲ್ಲಿ ಕೂತವರನ್ನು ಹೇಳಿದಳು. ಯಾರು ಮಗುವಿಗೆ ಹಾಲು ಕುಡಿಸುತ್ತಾ ಅತ್ತರು, ಚಿತ್ರದ ನಾಯಕ ರಾಜೀವ ಮನೆ ಬಿಟ್ಟು ಹೊರಟಾಗ ಯಾವ ಅಜ್ಜ ಎದ್ದು ನಿಂತು "ಹೋಗಬೇಡ್ವೋ" ಅಂತ ಕೂಗಿದ ಅನ್ನುವುದೆಲ್ಲ ಅವಳಿಗೆ ನಿನ್ನೆ ಕಂಡ ಹಾಗಿತ್ತು. ಅಮ್ಮನ ಬಾಯಲ್ಲಿ ಆ ಸಿನಿಮಾ ಅಂದರೆ ಇಡೀ ಊರು.

ಆ ಟೆಂಟಿನಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದ, ನಾವೆಲ್ಲ ಅಣ್ಣ ಅನ್ನುತ್ತಿದ್ದವರು ಬಸ್ಸು ಹಿಡಿದು ಬಂದದ್ದನ್ನು ನಾನು ಬದುಕಿರುವವರೆಗೂ ಮರೆಯಲ್ಲ. ಆಟ ಶುರುವಾಗುವ ಮುಂಚಿನ 'ನಮೋ ವೆಂಕಟೇಶಾ' ರೆಕಾರ್ಡು ಕೇಳಿದ ಕೂಡಲೆ ನಾವು ಹುಡುಗರು ಓಡುತ್ತಿದ್ದೆವಲ್ಲ, ಅದನ್ನು ಹಾಕುತ್ತಿದ್ದ ಕೈ ಅವರದು. ಮಂಚದ ಪಕ್ಕ ನೆಲದ ಮೇಲೇ ಕೂತು ಕಾರ್ಬನ್ ಕಡ್ಡಿಗಳ ಕಥೆ ಹೇಳಿದರು. ಎರಡು ಕಡ್ಡಿಗಳ ನಡುವೆ ಕಿಡಿ ಹೊತ್ತಿಸಿದರೇ ಬೆಳಕು. ಉರಿದು ಗಿಡ್ಡವಾದ ಹಾಗೆ ಹತ್ತಿರ ತರುತ್ತಿರಬೇಕು, ಮರೆತರೆ ಪರದೆ ಮಂಕು, ಸೀಟಿ ಶುರು. ಸಾವಿರ ಅಡಿಯ ರೀಲು ಹನ್ನೊಂದು ನಿಮಿಷ. ನಾನು ತಡೆಯಲಾರದೆ, "ಅಣ್ಣ, ಈ ಕತ್ತಲೆ ಹೀಗೇ ಉಳಿದರೆ ಏನು ಮಾಡಲಿ" ಅಂದುಬಿಟ್ಟೆ. ಸ್ವಲ್ಪ ತಡೆದು ಹೇಳಿದರು: "ನೋಡು ಮಾರಾಯ, ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ ಓಡ್ತವಲ್ಲ, ಒಂದು ಸರಿದು ಇನ್ನೊಂದು ಬರುವಾಗೆಲ್ಲ ಶಟರ್ ಬೆಳಕು ಮುಚ್ತದೆ. ಮೂರು ಗಂಟೆ ಸಿನಿಮಾದಲ್ಲಿ ಹತ್ತಿರ ಹತ್ತಿರ ಅರ್ಧ ಹೊತ್ತು ನೀವೆಲ್ಲ ಕತ್ತಲಲ್ಲೇ ಕೂತಿದ್ರಿ. ಯಾರಾದ್ರೂ ಎದ್ದು ಹೋದ್ರಾ?" ಆ ರಾತ್ರಿ ಆಪರೇಷನ್ ಆದಮೇಲೆ ಮೊದಲ ಸಲ ನಿದ್ದೆ ಬಂತು.

ತಲೆ ಎತ್ತಬಹುದು ಅಂದ ಮೇಲೆ ಕಣ್ಣೊಳಗೆ ಒಂದು ಗೆರೆ ಕಾಣುತ್ತಿತ್ತು, ಗಾರೆಯವರ ರಸಮಟ್ಟದಲ್ಲಿ ಕಾಣುವ ಹಾಗೆ. ಗೆರೆಯ ಮೇಲೆ ಲೋಕ, ಕೆಳಗೆ ಅಲುಗಾಡುವ ನೀರು. ಗ್ಯಾಸು ಕರಗಿದ ಹಾಗೆ ಗೆರೆ ದಿನಕ್ಕಿಷ್ಟು ಇಳಿಯುತ್ತಾ ಹೋಯಿತು. ಮಗಳು ದಿನಾ ಟಿವಿ ಎದುರು ನಿಲ್ಲಿಸಿ "ಎಲ್ಲಿಗೆ ಬಂತು?" ಅಂತ ಕೇಳುವಳು. ಗೆರೆ ಸಬ್‌ಟೈಟಲ್ ಬರುವ ಜಾಗಕ್ಕೆ ಇಳಿದ ದಿನ ನನ್ನ ಹೆಂಡತಿ ಶಾವಿಗೆ ಪಾಯಸ ಮಾಡಿದಳು. ಈ ಮೂರು ತಿಂಗಳು ಗಂಟೆಗೊಂದು ಸಲ ಅಲಾರಾಂ ಇಟ್ಟು ಡ್ರಾಪ್ಸ್ ಹಾಕಿದವಳು, ಇದುವರೆಗೆ ನನ್ನ ಜೊತೆ ಒಂದು ಸಿನಿಮಾವನ್ನೂ ಪೂರ್ತಿ ನೋಡದವಳು. ಇನ್ನು ಮುಂದೆ ಅವಳು ಹೇಳಿದ ಸಿನಿಮಾಕ್ಕೆ ನಾನು ಹೋಗುತ್ತೇನೆ.

ನಿನ್ನೆ ರಾತ್ರಿ ಮತ್ತೆ 'ಘಟಶ್ರಾದ್ಧ' ಹಾಕಿದೆವು, ಈ ಸಲ ನನ್ನ ಕಣ್ಣಿಗೆ. ಕೊನೆಯಲ್ಲಿ ಮರ ಬಂತು, ಯಮುನೆ ಬಂದಳು. ಅಭ್ಯಾಸಬಲದಿಂದ ಮಗಳು ಮೆಲ್ಲಗೆ ಶುರು ಮಾಡಿದಳು: "ಒಬ್ಬಳೇ ಕೂತಿದಾಳಪ್ಪ..."

ನಾನು ತಡೆಯಲಿಲ್ಲ.