ಸರೋವರದ ದಂಡೆಯ ರಸ್ತೆ ಯಾರದು? ನಮ್ಮ ಚುನಾಯಿತ ಪ್ರತಿನಿಧಿಗಳಿಗೆ ಒಂದು ಬಹಿರಂಗ ಪತ್ರ

ಸನ್ಮಾನ್ಯರೇ,

ಸರೋವರದ ದಂಡೆಯ ಕ್ಯಾಬಿನ್ ಮಾಲೀಕರ ಸಂಘಕ್ಕೆ ಹನ್ನೊಂದು ವರ್ಷಗಳಿಂದ ಸಂಬಳವಿಲ್ಲದ ಕಾರ್ಯದರ್ಶಿಯಾಗಿರುವ ನಾನು ಈ ಅವಧಿಯಲ್ಲಿ ತಮ್ಮ ಕಚೇರಿಗೆ ಏಳು ಪತ್ರಗಳನ್ನು ಬರೆದಿದ್ದೇನೆ. ಏಳಕ್ಕೂ ಸ್ವೀಕೃತಿ ಬಂದಿದೆ, ಎರಡಕ್ಕೆ ಹಿಂಬರಹವೂ ಬಂದಿದೆ. ಎರಡೂ ಹಿಂಬರಹಗಳ ಒಕ್ಕಣೆ ಒಂದೇ: ಸದರಿ ರಸ್ತೆಯು ಖಾಸಗಿಯಾಗಿರುವುದರಿಂದ ಅದರ ನಿರ್ವಹಣೆಗೆ ಅವಕಾಶವಿರುವುದಿಲ್ಲ. ಎಂಟನೆಯ ಪತ್ರವನ್ನೂ ಲಕೋಟೆಯಲ್ಲಿಟ್ಟು ಅಂಟಿಸುವುದರಲ್ಲಿ ಅರ್ಥ ಕಾಣದೆ ಇದನ್ನು ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹಿಂದಿನ ಪತ್ರಗಳಲ್ಲಿ ಅದು ಮೂರನೆಯ ಪುಟದಲ್ಲಿತ್ತು ಮತ್ತು ಅಲ್ಲಿಯವರೆಗೆ ಯಾರೂ ಓದಿದಂತೆ ಕಾಣಲಿಲ್ಲ. ಮುಖ್ಯರಸ್ತೆಯಿಂದ, ತಾವೇ ರಿಬ್ಬನ್ ಕತ್ತರಿಸಿ ಉದ್ಘಾಟಿಸಿದ ಸಾರ್ವಜನಿಕ ದೋಣಿಕಟ್ಟೆಯವರೆಗಿನ ಮೂರೂವರೆ ಕಿಲೋಮೀಟರ್ ಜಲ್ಲಿ ರಸ್ತೆಯನ್ನು ಸಾರ್ವಜನಿಕ ರಸ್ತೆಯೆಂದು ವಹಿಸಿಕೊಳ್ಳಿ. ಅದು ಆಗದೆಂದರೆ, ನಿರ್ವಹಣೆಯಲ್ಲಿ ಸರ್ಕಾರದ ಪಾಲು ಎಷ್ಟು, ನಮ್ಮ ಪಾಲು ಎಷ್ಟು ಎಂಬುದನ್ನು ಲಿಖಿತ ಒಪ್ಪಂದದ ಮೂಲಕ ಗೊತ್ತುಮಾಡಿ.

ನಿಯಮಗಳು ತಮಗೆ ತಿಳಿದೇ ಇವೆ, ನನಗಿಂತ ಚೆನ್ನಾಗಿಯೇ ತಿಳಿದಿವೆ. ಆದ್ದರಿಂದ ಅವುಗಳ ಕಲಮುಗಳನ್ನು ಇಲ್ಲಿ ಒಪ್ಪಿಸುವುದಿಲ್ಲ. ಈ ರಸ್ತೆಯ ವಿಷಯದಲ್ಲಿ ಆ ನಿಯಮಗಳು ಹೇಗೆ ನಡೆದುಕೊಂಡಿವೆ ಎಂಬುದನ್ನಷ್ಟೇ ಹೇಳುತ್ತೇನೆ.

ನಮ್ಮಲ್ಲಿ ಅರವತ್ತನಾಲ್ಕು ಕ್ಯಾಬಿನ್‌ಗಳಿವೆ. ದಂಡೆಯ ಜಮೀನನ್ನು ನಿವೇಶನಗಳಾಗಿ ಒಡೆದು ಮಾರಿದವರು ಕೊನೆಯ ನಿವೇಶನದ ಹಣ ಎಣಿಸಿಕೊಂಡ ಮರುದಿನವೇ ರಸ್ತೆಯನ್ನು ಸಂಘದ ಹೆಸರಿಗೆ ಬರೆದುಕೊಟ್ಟು ಹೊರಟುಹೋದರು. ಅಂದಿನಿಂದ ಮೋರಿ, ಚರಂಡಿ, ಜಲ್ಲಿ, ರಸ್ತೆಗೆ ಬಾಗಿದ ಮರ ಎಲ್ಲವೂ ನಮ್ಮ ತಲೆಯ ಮೇಲಿವೆ. ಇದಕ್ಕೆ ನಮ್ಮ ತಕರಾರಿರಲಿಲ್ಲ. ಮನೆ ನಮ್ಮದು, ಓಡಾಟ ನಮ್ಮದು, ಖರ್ಚೂ ನಮ್ಮದೇ ಎಂದು ನಡೆಸಿಕೊಂಡು ಬಂದೆವು.

ನಡೆಸುವುದೆಂದರೆ ಏನೆಂದು ಹೊರಗಿನವರಿಗೆ ತಿಳಿಯುವುದು ಕಷ್ಟ. ಮೊದಲನೆಯ ಕ್ಯಾಬಿನ್‌ನವರು, ತಾವು ಓಡಾಡುವುದು ಇನ್ನೂರು ಮೀಟರ್ ಮಾತ್ರವಾದ್ದರಿಂದ ಇನ್ನೂರು ಮೀಟರಿನ ವಂತಿಗೆಯನ್ನಷ್ಟೇ ಕೊಡುತ್ತೇವೆ ಎನ್ನುತ್ತಾರೆ. ಕೊನೆಯ ಕ್ಯಾಬಿನ್‌ನವರು, ತಮ್ಮ ಮನೆಯ ಮುಂದೆ ರಸ್ತೆ ಸಮ ಮಾಡುವ ಗ್ರೇಡರ್ ಯಂತ್ರ ಬಂದು ಎರಡು ವರ್ಷವಾಯಿತು, ಬಂದ ಮೇಲೆ ಕೊಡುತ್ತೇವೆ ಎನ್ನುತ್ತಾರೆ. ವರ್ಷಕ್ಕೆ ಹತ್ತು ದಿನ ಮಾತ್ರ ಬರುವವರು, ತಾವು ಬಾರದಿದ್ದ ದಿನಗಳಲ್ಲಿ ರಸ್ತೆ ಹಾಳಾದರೆ ತಾವೇಕೆ ಹೊಣೆ ಎಂದು ಕೇಳುತ್ತಾರೆ, ಮತ್ತು ಮಳೆಗೆ ಕ್ಯಾಲೆಂಡರ್ ಇಲ್ಲವೆಂದು ಅವರಿಗೆ ಪ್ರತಿ ವರ್ಷವೂ ವಿವರಿಸಬೇಕಾಗುತ್ತದೆ. ಸರ್ವಸದಸ್ಯರ ಸಭೆಗೆ ಕೋರಂ ಆಗುವುದಿಲ್ಲ. ಅರ್ಧ ಗಂಟೆ ಮುಂದೂಡಿ ಬಂದಷ್ಟು ಜನರಲ್ಲೇ ನಿರ್ಣಯ ಮಾಡಿದರೆ, ಬಾರದವರು ಆ ನಿರ್ಣಯವನ್ನು ಒಪ್ಪುವುದಿಲ್ಲ. ಕಳೆದ ವರ್ಷದ ಸಭೆಯಲ್ಲಿ ರಸ್ತೆಗೆ ಎಷ್ಟು ಲೋಡು ಜಲ್ಲಿ ಬೇಕೆಂಬ ವಿಷಯ ಹತ್ತು ನಿಮಿಷದಲ್ಲಿ ಮುಗಿಯಿತು. ನಾಯಿಗಳನ್ನು ಕಟ್ಟಬೇಕೋ ಬೇಡವೋ ಎಂಬುದಕ್ಕೆ ಎರಡು ಗಂಟೆ ಹಿಡಿಯಿತು. ನಮ್ಮ ಖಜಾಂಚಿಯವರು ಅಂದೇ ರಾಜೀನಾಮೆ ಕೊಟ್ಟರು, ಮರುವಾರ ನಾವು ನಾಲ್ವರು ಅವರ ಮನೆಗೆ ಹೋಗಿ ಅದನ್ನು ಹಿಂತೆಗೆಸಿದೆವು.

ಆದರೂ ನಡೆಯಿತು. ಊರಿನವರೇ ಕೂಡಿ ಹುಲ್ಲುಗಾವಲು, ಕಾಡು, ಕಾಲುವೆಗಳನ್ನು ಕಾಪಾಡಿಕೊಳ್ಳಬಲ್ಲರು ಎಂಬುದನ್ನು ಲೋಕದ ಹಲವು ಕಡೆಯ ಉದಾಹರಣೆಗಳಿಂದ ತೋರಿಸಿಕೊಟ್ಟ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಆ ವಿಷಯದಲ್ಲಿ ಆ ಗೌರವ ಪಡೆದ ಮೊದಲ ಮಹಿಳೆ ಅವರು. ಅಂತಹ ಏರ್ಪಾಡುಗಳು ಬಾಳಿಕೆ ಬರಲು ಏನೇನು ಬೇಕೆಂದು ಅವರು ಪಟ್ಟಿ ಮಾಡಿದ್ದರಲ್ಲಿ ಎರಡು ಅಂಶಗಳು ನನ್ನ ಮನಸ್ಸಿನಲ್ಲಿ ಉಳಿದಿವೆ. ಯಾರು ಬಳಸಬಹುದು, ಯಾರು ಬಳಸಬಾರದು ಎಂಬ ಗಡಿ ಸ್ಪಷ್ಟವಾಗಿರಬೇಕು. ಜನ ತಮ್ಮ ನಿಯಮವನ್ನು ತಾವೇ ಮಾಡಿಕೊಳ್ಳುವ ಹಕ್ಕನ್ನು ಮೇಲಿನ ಸರ್ಕಾರ ಮನ್ನಿಸಬೇಕು. ಸನ್ಮಾನ್ಯರೇ, ಈ ಎರಡನ್ನೂ ತಾವು ಒಂದೇ ಕತ್ತರಿಯಿಂದ, ರಿಬ್ಬನ್ನಿನ ಜೊತೆಯಲ್ಲೇ ಕತ್ತರಿಸಿದಿರಿ.

ದೋಣಿಕಟ್ಟೆ ಬಂದಿದ್ದು ಆರು ವರ್ಷಗಳ ಹಿಂದೆ. ಸರೋವರ ಎಲ್ಲರದು, ದೋಣಿ ಇಳಿಸಲು ಎಲ್ಲರಿಗೂ ಜಾಗ ಬೇಕು ಎಂಬ ಮಾತಿಗೆ ನಮ್ಮಲ್ಲಿ ಯಾರೂ ಎದುರಾಡಲಿಲ್ಲ. ಅಲ್ಲಿಗೆ ಹೋಗಲು ನಮ್ಮ ರಸ್ತೆಯೊಂದೇ ದಾರಿ ಎಂಬುದನ್ನು ಮಾತ್ರ ಸಭೆಯಲ್ಲಿ ಎದ್ದು ನಿಂತು ಕೇಳಿದ್ದೆವು. ನೋಡೋಣ ಎಂದು ತಾವು ಹೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ. ಈಗ ರಜಾದಿನಗಳಲ್ಲಿ ದೋಣಿಯ ಟ್ರೇಲರ್ ಕಟ್ಟಿಕೊಂಡ ವಾಹನಗಳು ಬೆಳಗಿನಿಂದ ಸಂಜೆಯವರೆಗೆ ಸಾಲುಗಟ್ಟುತ್ತವೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬಂತೆ, ದೋಣಿ ನೀರಿಗಿಳಿದ ಮೇಲೆ ರಸ್ತೆಯ ನೆನಪು ಯಾರಿಗೂ ಇರುವುದಿಲ್ಲ.

ಜಲ್ಲಿ ರಸ್ತೆ ನೋಡಲು ಒರಟು, ಆದರೆ ಬಹಳ ನಾಜೂಕಿನ ವಸ್ತು. ನಡುಭಾಗ ಉಬ್ಬಿರಬೇಕು, ಎರಡೂ ಪಕ್ಕಕ್ಕೆ ಇಳಿಜಾರಿರಬೇಕು. ನಾಲ್ಕು ಶೇಕಡಾ ಇಳಿಜಾರು ಎಂದಿಟ್ಟುಕೊಂಡರೆ, ಐದು ಮೀಟರ್ ಅಗಲದ ನಮ್ಮ ರಸ್ತೆಯ ನಡುಭಾಗ ಅಂಚಿಗಿಂತ ಹತ್ತು ಸೆಂಟಿಮೀಟರ್ ಎತ್ತರದಲ್ಲಿರಬೇಕು. ಅದು ತಗ್ಗಿದ ದಿನ ನೀರು ಪಕ್ಕಕ್ಕೆ ಹರಿಯುವುದನ್ನು ಬಿಟ್ಟು ಚಕ್ರದ ಜಾಡಿನಲ್ಲಿ ಉದ್ದಕ್ಕೆ ಹರಿಯುತ್ತದೆ, ಹರಿದು ಜಲ್ಲಿಯನ್ನು ಹಿಡಿದಿಡುವ ನಯವಾದ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ಆಮೇಲೆ ಉಳಿಯುವುದು ಉದುರು ಕಲ್ಲು. ರಸ್ತೆ ನಿರ್ಮಾಣದ ಪರಿಣತ ಜಾನ್ ಲೌಡನ್ ಮೆಕಾಡಮ್ 1816ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಲಿನ ರಸ್ತೆಗಳ ಉಸ್ತುವಾರಿ ವಹಿಸಿಕೊಂಡ ಕಾಲದಿಂದಲೂ ಈ ವಿದ್ಯೆಯ ತಿರುಳು ಬದಲಾಗಿಲ್ಲ. ಭಾರ ಹೊರುವುದು ಕೆಳಗಿನ ನೆಲ, ಆ ನೆಲ ಒಣಗಿರಬೇಕು. ಮಳೆ ನಿಂತ ಮೇಲೆ ಎರಡು ದಿನ ಭಾರದ ವಾಹನ ಹೋಗದಿದ್ದರೆ ನಮ್ಮ ರಸ್ತೆ ತಾನಾಗಿ ಸುಧಾರಿಸಿಕೊಳ್ಳುತ್ತದೆ.

ಆ ಎರಡು ದಿನವೇ ನಮಗೆ ಸಿಗುವುದಿಲ್ಲ. ಮೂರು ವರ್ಷಗಳ ಹಿಂದೆ, ದೊಡ್ಡ ಮಳೆಯ ಮರುದಿನ, ಸಂಘದ ನಿರ್ಣಯದಂತೆ ರಸ್ತೆಗೆ ಸರಪಳಿ ಹಾಕಿ, ನಲವತ್ತೆಂಟು ಗಂಟೆ ಭಾರದ ವಾಹನಗಳಿಗೆ ಪ್ರವೇಶವಿಲ್ಲ ಎಂಬ ಫಲಕ ತೂಗುಹಾಕಿದೆವು. ಸಂಜೆಯ ಹೊತ್ತಿಗೆ ತಮ್ಮ ಆಡಳಿತದ ಸಿಬ್ಬಂದಿ ಬಂದು, ಸಾರ್ವಜನಿಕರ ಓಡಾಟಕ್ಕೆ ಅಡ್ಡಿಪಡಿಸುವುದು ಅಪರಾಧವೆಂದು ತಿಳಿಸಿ ಸರಪಳಿಯನ್ನು ಬಿಚ್ಚಿಸಿದರು. ಅದೇ ವಾರ ನಾನು ನಾಲ್ಕನೆಯ ಪತ್ರ ಬರೆದೆ. ಉತ್ತರ ಬಂತು: ಸದರಿ ರಸ್ತೆಯು ಖಾಸಗಿಯಾಗಿರುವುದರಿಂದ. ಸರಪಳಿ ಹಾಕುವಾಗ ಸಾರ್ವಜನಿಕ, ಜಲ್ಲಿ ಸುರಿಯುವಾಗ ಖಾಸಗಿ. ಇಂತಹ ರಸ್ತೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈಗ ಈ ಪತ್ರಕ್ಕೆ ಕಾರಣವಾದ ಘಟನೆಗೆ ಬರುತ್ತೇನೆ. ಕಳೆದ ಬೇಸಿಗೆಯಲ್ಲಿ ದೋಣಿಕಟ್ಟೆಯ ಪಕ್ಕದ ದಡಕ್ಕೆ ಕಲ್ಲಿನ ತಡೆಗೋಡೆ ಕಟ್ಟುವ ಸರ್ಕಾರಿ ಕೆಲಸ ನಡೆಯಿತು. ಅದಕ್ಕಾಗಿ ಬಂಡೆ ತುಂಬಿದ ಟಿಪ್ಪರ್‌ಗಳು ಐದು ವಾರ ಓಡಾಡಿದವು. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನಡೆದ ದೊಡ್ಡ ರಸ್ತೆ ಪರೀಕ್ಷೆಯಿಂದ ಎಂಜಿನಿಯರುಗಳಿಗೆ ತಿಳಿದುಬಂದ ಲೆಕ್ಕದ ಪ್ರಕಾರ, ವಾಹನದ ಚಕ್ರದ ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು ಹದಿನಾರು ಪಟ್ಟಾಗುತ್ತದೆ. ಭಾರ ಹತ್ತು ಪಟ್ಟಾದರೆ ಹಾನಿ ಹತ್ತು ಸಾವಿರ ಪಟ್ಟು. ಆ ಪರೀಕ್ಷೆ ನಡೆದದ್ದು ಡಾಂಬರು ಮತ್ತು ಕಾಂಕ್ರೀಟ್ ರಸ್ತೆಗಳ ಮೇಲೆ, ನಮ್ಮ ಬಡ ಜಲ್ಲಿ ರಸ್ತೆ ಅವುಗಳಿಗಿಂತ ಗಟ್ಟಿಯೆಂದು ವಾದಿಸುವವರು ಇರಲಾರರು. ಎರಡನೆಯ ತಿರುವಿನ ಮೋರಿಯ ಪೈಪು ಮೂರನೆಯ ವಾರದಲ್ಲೇ ಅಪ್ಪಚ್ಚಿಯಾಯಿತು. ಮೊದಲ ಮಳೆಗೆ ನೀರು ಮೋರಿಯೊಳಗೆ ನುಗ್ಗಲಾಗದೆ ರಸ್ತೆಯ ಮೇಲೆಯೇ ಹರಿದು, ಅರ್ಧ ರಸ್ತೆಯನ್ನು ಹೂಳಾಗಿಸಿ ಸರೋವರಕ್ಕೆ ಸೇರಿಸಿತು. ದಂಡೆಯಿಂದ ಮೂವತ್ತು ಮಾರು ದೂರದವರೆಗೆ ನೀರು ಕೆಂಪಗಾಗಿದ್ದನ್ನು ನಾನು ನನ್ನ ಮೆಟ್ಟಿಲ ಮೇಲೆ ನಿಂತು ನೋಡಿದೆ.

ಒಂಬತ್ತನೆಯ ದಿನ ಸರ್ಕಾರಿ ಜೀಪೊಂದು ಬಂತು. ರಿಪೇರಿಗೆ ಬಂದಿರಬೇಕೆಂದು ನಾವು ಸಂಭ್ರಮಪಟ್ಟೆವು. ಆ ಜೀಪು ಎರಡನೆಯ ತಿರುವಿನ ಕುಸಿದ ಮೋರಿಯ ಪಕ್ಕಕ್ಕೆ ಬಂದು, ಮುಂದಿನ ಎಡಚಕ್ರವನ್ನು ಗುಂಡಿಯಲ್ಲಿಳಿಸಿ ವಾಲಿಕೊಂಡು ನಿಂತಿತು. ನಾನು, ನಮ್ಮ ಖಜಾಂಚಿ, ಎಪ್ಪತ್ತು ದಾಟಿದ ನೆರೆಮನೆಯವರು ಮತ್ತು ಅವರ ಮಗ ಸೇರಿ, ಚಕ್ರದ ಕೆಳಗೆ ಹಲಗೆ ಕೊಟ್ಟು, ದೋಣಿ ಕಟ್ಟುವ ಹಗ್ಗದಿಂದ ಎಳೆದು, ಮುಕ್ಕಾಲು ಗಂಟೆಯಲ್ಲಿ ಅದನ್ನು ಮೇಲೆತ್ತಿದೆವು. ಒಳಗಿದ್ದ ಅಧಿಕಾರಿಗಳು ಇಳಿದು, ನಾವು ಕೊಟ್ಟ ನೀರಿನಲ್ಲಿ ಕೈಕಾಲು ತೊಳೆದುಕೊಂಡು, ಚೀಲದಿಂದ ಕಾಗದವೊಂದನ್ನು ತೆಗೆದು ನನ್ನ ಕೈಗಿತ್ತರು. ಸಂಘವು ತನ್ನ ರಸ್ತೆಯನ್ನು ಸರಿಯಾಗಿ ನಿರ್ವಹಿಸದೆ ಸರೋವರಕ್ಕೆ ಹೂಳು ಸೇರಲು ಕಾರಣವಾಗಿದ್ದು, ದಂಡವನ್ನೇಕೆ ವಿಧಿಸಬಾರದು ಎಂಬುದಕ್ಕೆ ಮೂವತ್ತು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು ಎಂಬ ನೋಟಿಸ್ ಅದು. ಸ್ವೀಕರಿಸಿದ್ದಕ್ಕೆ ಸಹಿ ಬೇಕೆಂದರು. ನನ್ನ ಹೆಬ್ಬೆರಳಿನ ಕೆಸರು ಕಚೇರಿ ಪ್ರತಿಯ ಮೇಲೂ ಮೂಡಿದೆ, ಕಡತ ತರಿಸಿ ನೋಡಬಹುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಬಾಲ್ಯದಿಂದ ಕೇಳಿದ್ದೆ, ಬರೆ ಹಾಕಲು ಬಂದವರ ಜೀಪನ್ನೂ ಎಮ್ಮೆಯೇ ಎಳೆಯಬೇಕೆಂಬುದು ಗೊತ್ತಿರಲಿಲ್ಲ.

ಆ ಅಧಿಕಾರಿಗಳ ಮೇಲೆ ನನಗೆ ಸಿಟ್ಟಿಲ್ಲ. ಅವರು ಮರ್ಯಾದಸ್ಥರು, ಮುಜುಗರದಿಂದ ನೆಲ ನೋಡುತ್ತಲೇ ನೋಟಿಸ್ ಕೊಟ್ಟರು. ನೋಟಿಸಿನ ವಿಷಯವೂ ಸುಳ್ಳಲ್ಲ. ಮಣ್ಣಿನ ಕಣಗಳಿಗೆ ಅಂಟಿಕೊಂಡು ರಂಜಕ ನೀರಿಗೆ ಸೇರುತ್ತದೆ, ರಂಜಕ ಸೇರಿದರೆ ಪಾಚಿ ಬೆಳೆಯುತ್ತದೆ. 1973ರಲ್ಲಿ ಕೆನಡಾದ ಸಂಶೋಧಕರು ಒಂದೇ ಸರೋವರದ ನಡುವೆ ಪರದೆ ಕಟ್ಟಿ, ಎರಡೂ ಬದಿಗೆ ಇಂಗಾಲ ಮತ್ತು ಸಾರಜನಕ ಹಾಕಿ, ಒಂದು ಬದಿಗೆ ಮಾತ್ರ ರಂಜಕವನ್ನೂ ಸೇರಿಸಿ ನೋಡಿದಾಗ, ರಂಜಕ ಬಿದ್ದ ಬದಿಯಷ್ಟೇ ಹಸಿರುಗಟ್ಟಿತು. ಸರೋವರ ಹಸಿರುಗಟ್ಟಿದರೆ ಮೊದಲು ಮೂಗು ಮುಚ್ಚಿಕೊಳ್ಳಬೇಕಾದವರು ದಂಡೆಯ ಮೇಲಿರುವ ನಾವೇ. ಹೂಳು ತಡೆಯಬೇಕೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಡೆಯಬೇಕಾದರೆ ಮೋರಿ ಬೇಕು. ಮೋರಿ ಉಳಿಯಬೇಕಾದರೆ ಟಿಪ್ಪರ್ ಕಳುಹಿಸುವ ಇಲಾಖೆಯೂ ಹೊಣೆ ಹೊರಬೇಕು.

ಮೋರಿಯನ್ನು ನಾವೇ ಹಾಕಿಸಿದೆವು. ಹಳೆಯ ಪೈಪು ಮೂವತ್ತು ಸೆಂಟಿಮೀಟರಿನದು, ಹೊಸದು ಅರವತ್ತರದು. ಬಾಯಿ ಎರಡು ಪಟ್ಟಾದರೆ ನೀರು ಹೋಗುವ ಜಾಗ ನಾಲ್ಕು ಪಟ್ಟಾಗುತ್ತದೆ ಎಂಬ ಲೆಕ್ಕದಿಂದ, ಹತ್ತು ವರ್ಷ ಕೂಡಿಟ್ಟ ಮೀಸಲು ನಿಧಿಯನ್ನು ಅದರೊಳಗೆ ಸುರಿದೆವು. ಈಗ ನಿಧಿಯಲ್ಲಿ ಒಂದು ದಿನಕ್ಕೆ ಗ್ರೇಡರ್ ಬಾಡಿಗೆಗೆ ತರುವಷ್ಟೂ ಹಣವಿಲ್ಲ. ವಂತಿಗೆ ಹೆಚ್ಚಿಸೋಣವೆಂದರೆ, ಸರ್ಕಾರದ ಟಿಪ್ಪರ್‌ಗೆ ನಾವೇಕೆ ರಸ್ತೆ ಹಾಸಬೇಕೆಂದು ಸದಸ್ಯರು ಕೇಳುತ್ತಾರೆ, ಉತ್ತರ ನನ್ನ ಬಳಿ ಇಲ್ಲ. ತಮ್ಮ ಬಳಿ ಇದ್ದರೆ ಮುಂದಿನ ಸಭೆಗೆ ದಯಮಾಡಿಸಿ. ಕೋರಂ ಆದರೂ ಆದೀತು.

ರಸ್ತೆಯನ್ನು ವಹಿಸಿಕೊಳ್ಳಲು ನಿಗದಿತ ಅಗಲ, ಪಕ್ಕಾ ಚರಂಡಿ, ದಾಖಲೆ ಎಲ್ಲವೂ ಇರಬೇಕೆಂದು ತಮ್ಮ ಎಂಜಿನಿಯರರು ಹೇಳಬಹುದು. ದಾಖಲೆ ನಮ್ಮಲ್ಲಿದೆ. ಅಗಲ ಸಾಲದಿದ್ದರೆ ಅಂಚಿನ ಜಾಗ ಬಿಟ್ಟುಕೊಡಲು ಐವತ್ತೊಂದು ಮಾಲೀಕರು ಬರೆದುಕೊಟ್ಟಿದ್ದಾರೆ, ಮಿಕ್ಕವರನ್ನು ಒಪ್ಪಿಸುವುದು ನನ್ನ ಹೊಣೆ. ಅಷ್ಟಕ್ಕೂ ದೋಣಿಕಟ್ಟೆಯನ್ನು ಮಂಜೂರು ಮಾಡುವಾಗ ಸಾಕಾಗಿದ್ದ ಅಗಲ, ಮೋರಿ ಕಟ್ಟಿಸುವಾಗ ಮಾತ್ರ ಹೇಗೆ ಕಡಿಮೆಯಾಯಿತು?

ಮತ್ತೊಮ್ಮೆ ಕೇಳುತ್ತೇನೆ. ರಸ್ತೆಯನ್ನು ವಹಿಸಿಕೊಳ್ಳಿ, ಇಲ್ಲವೇ ಪಾಲು ಬರೆದುಕೊಡಿ. ಇವೆರಡೂ ಆಗದಿದ್ದರೆ, ಈ ರಸ್ತೆ ಖಾಸಗಿ ಎಂಬ ತಮ್ಮ ಹಿಂಬರಹದ ಕೆಳಗೆ, ಆದ್ದರಿಂದ ಸಂಘವು ಮಳೆಗಾಲದಲ್ಲಿ ಸರಪಳಿ ಹಾಕಬಹುದು ಎಂಬ ಇನ್ನೊಂದು ಸಾಲನ್ನು ಸೇರಿಸಿ, ಮೊಹರು ಒತ್ತಿ ಕಳುಹಿಸಿ. ಅದೂ ಸಾಕು.

ನೋಟಿಸಿಗೆ ಮೂವತ್ತು ದಿನಗಳ ಗಡುವಿತ್ತು, ನಾವು ಹತ್ತೊಂಬತ್ತನೆಯ ದಿನವೇ ಉತ್ತರ ಕೊಟ್ಟೆವು. ನಮ್ಮ ಏಳನೆಯ ಪತ್ರ ತಮ್ಮ ಕಚೇರಿ ಸೇರಿ ಇಂದಿಗೆ ನೂರ ನಲವತ್ತು ದಿನಗಳಾದವು. ಜಂಟಿ ಸ್ಥಳ ಪರಿಶೀಲನೆಗೆ ದಿನ ಗೊತ್ತುಮಾಡಿ ತಿಳಿಸಬೇಕೆಂದು ಕೋರುತ್ತೇನೆ, ಸಾಧ್ಯವಾದರೆ ಮಳೆ ಬಿದ್ದ ಮರುದಿನ. ವಾಹನವನ್ನು ಎರಡನೆಯ ತಿರುವಿಗೆ ಮೊದಲೇ, ಬಲಕ್ಕೆ ನಿಲ್ಲಿಸಲು ಚಾಲಕರಿಗೆ ಹೇಳಿರಿ. ಎಡಭಾಗ ಇನ್ನೂ ಕುಸಿಯುತ್ತಿದೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ,
ಸರೋವರದ ದಂಡೆಯ ಕ್ಯಾಬಿನ್ ಮಾಲೀಕರ ಸಂಘ