ಇಬ್ಬರಿಗೂ ಸೇರಿ ಒಂದು ಕಲ್ಲು

ಗೆಳೆಯಾ,

ಅಪ್ಪ ಹೋಗಿ ವರ್ಷ ತುಂಬುವ ಮೊದಲೇ ಅಮ್ಮನೂ ಹೊರಟುಬಿಟ್ಟರು. ಫೋಟೊಗೆ ಗಂಧದ ಹಾರ ಹಾಕಿ, ವರ್ಷಕ್ಕೊಂದು ತಿಥಿ ಮಾಡಿ ಸುಮ್ಮನಾಗೋಕೆ ಮನಸ್ಸು ಬರ್ತಿಲ್ಲ ಅಂತ ಬರೆದಿದ್ದೀಯ. ಶಾಲೆಗೊಂದು ಕೊಠಡಿಯೋ, ಬಸ್ ಸ್ಟಾಪಿನಲ್ಲಿ ತಂಗುದಾಣವೋ ಅಂತಲೂ ಕೇಳಿದ್ದೀಯ. ಸಲಹೆ ಕೊಡೋದರಲ್ಲಿ ನಾನು ದಡ್ಡ, ನಿನಗೆ ಗೊತ್ತು. ಆದರೆ ನಿನ್ನ ಮೇಲ್ ಓದಿದಾಗಿನಿಂದ ನ್ಯೂಯಾರ್ಕಿನ ಒಂದು ಯಹೂದಿ ದಂಪತಿ ನನ್ನ ತಲೆಯಲ್ಲಿ ಕೂತಿದ್ದಾರೆ. ಅವರ ವಿಷಯ ಹೇಳ್ತೀನಿ. ನಿನಗೆ ಬೇಕಾದ್ದು ಸಿಕ್ಕರೆ ತಗೋ.

ಇಸಿಡೋರ್ ಸ್ಟ್ರಾಸ್, ಐಡಾ ಸ್ಟ್ರಾಸ್. ಟೈಟಾನಿಕ್ ಹಡಗಿನ ಕಥೆ ಬಂದಾಗಲೆಲ್ಲ ಇವರ ಹೆಸರು ಬರುತ್ತೆ. ಇಬ್ಬರೂ ಜರ್ಮನಿಯಲ್ಲಿ ಹುಟ್ಟಿದವರು. ಅವರು 1845ರಲ್ಲಿ, ಆಕೆ 1849ರಲ್ಲಿ. ತಮಾಷೆ ಅಂದರೆ ಇಬ್ಬರ ಹುಟ್ಟಿದ ದಿನವೂ ಫೆಬ್ರವರಿ 6. 1871ರಲ್ಲಿ ನ್ಯೂಯಾರ್ಕಿನಲ್ಲಿ ಮದುವೆಯಾಯಿತು. ಏಳು ಮಕ್ಕಳು, ಅದರಲ್ಲಿ ಒಂದು ಕೂಸಾಗಿದ್ದಾಗಲೇ ತೀರಿಕೊಂಡಿತು.

ಇಸಿಡೋರ್ ಅವರ ಅಪ್ಪ ಮೊದಲು ಅಮೆರಿಕದ ಜಾರ್ಜಿಯಾ ರಾಜ್ಯದ ಹಳ್ಳಿಗಳಲ್ಲಿ ತಿರುಗಿ ಸಾಮಾನು ಮಾರಿದವರು. ಆಮೇಲೆ ಟಾಲ್ಬಟನ್ ಅನ್ನೋ ಊರಿನಲ್ಲಿ ಅಂಗಡಿ ಹಾಕಿದರು. ಆ ಮನೆಯಲ್ಲಿ ಗುಲಾಮರೂ ಇದ್ದರು. ಇದನ್ನು ಬಿಟ್ಟು ಬರೆದರೆ ಸುಳ್ಳು ಬರೆದ ಹಾಗೆ, ಅದಕ್ಕೇ ಹೇಳಿದೆ. ಅಂತರ್ಯುದ್ಧ ಮುಗಿದ ಮೇಲೆ ನ್ಯೂಯಾರ್ಕಿಗೆ ಬಂದು ಪಿಂಗಾಣಿ, ಗಾಜಿನ ಸಾಮಾನಿನ ವ್ಯಾಪಾರ ಹಿಡಿದರು. 1874ರಲ್ಲಿ ಮೇಸಿಸ್ ಅನ್ನೋ ದೊಡ್ಡ ಅಂಗಡಿಯ ನೆಲಮಾಳಿಗೆಯಲ್ಲಿ ಜಾಗ ಸಿಕ್ಕಿತು. 1888ಕ್ಕೆ ಇಸಿಡೋರ್ ಮತ್ತು ತಮ್ಮ ನೇಥನ್ ಅದೇ ಅಂಗಡಿಗೆ ಪಾಲುದಾರರಾದರು. 1896ಕ್ಕೆ ಪೂರ್ತಿ ಅಂಗಡಿ ಅವರದ್ದೇ ಆಯಿತು.

ನನಗೆ ಇಷ್ಟವಾಗೋದು ಈ ಏಳಿಗೆಯ ಕಥೆ ಅಲ್ಲ. ವ್ಯಾಪಾರಕ್ಕೆ ಅಂತ ಊರು ಬಿಟ್ಟು ಹೋದಾಗಲೆಲ್ಲ ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ ಕಾಗದ ಬರೀತಿದ್ದರು. ಮದುವೆಯಾಗಿ ಹತ್ತಾರು ವರ್ಷ ಆದ ಮೇಲೂ ಬಿಡಲಿಲ್ಲ. ಆ ಕಾಗದಗಳನ್ನು ಮನೆಯವರು ಇಟ್ಟುಕೊಂಡಿದ್ದಾರೆ. ಅವು ಇರೋದರಿಂದಲೇ ಇವತ್ತು ಆ ಇಬ್ಬರನ್ನು ಬರೀ ಒಂದು ರಾತ್ರಿಯ ಮುದುಕ-ಮುದುಕಿ ಅಂತ ಅಲ್ಲದೆ, ಸಂಸಾರ ಮಾಡಿದವರು ಅಂತ ನೋಡೋಕೆ ಆಗೋದು.

ಆ ರಾತ್ರಿಯ ವಿಷಯಕ್ಕೂ ಬರ್ತೀನಿ. 1912ರ ಏಪ್ರಿಲ್. ಚಳಿಗಾಲ ಯುರೋಪಿನಲ್ಲಿ ಕಳೆದು ವಾಪಸ್ ಬರ್ತಿದ್ದರು. ಹಡಗಿನಲ್ಲಿ ಕರ್ನಲ್ ಗ್ರೇಸಿ ಅಂತ ಒಬ್ಬರ ಪರಿಚಯವಾಯಿತು. ಅವರು ಅಂತರ್ಯುದ್ಧದ ಒಂದು ಕಾಳಗದ ಬಗ್ಗೆ ತಾವೇ ಬರೆದ ಪುಸ್ತಕವನ್ನು ಇಸಿಡೋರ್‌ಗೆ ಓದೋಕೆ ಕೊಟ್ಟಿದ್ದರು. ಭಾನುವಾರ ಇಸಿಡೋರ್ ಓದಿ ಮುಗಿಸಿ ವಾಪಸ್ ಕೊಟ್ಟರು. ಅದೇ ದಿನ ಐಡಾ ಅವರಿಗೂ ಒಂದು ಖುಷಿ. ಎದುರಿನಿಂದ ಬರ್ತಿದ್ದ ಇನ್ನೊಂದು ಹಡಗಿನಲ್ಲಿ ಮಗ ಜೆಸ್ಸಿ, ಸೊಸೆ ಯುರೋಪಿನ ಕಡೆ ಹೊರಟಿದ್ದರು. ಅವರಿಗೆ ವೈರ್‌ಲೆಸ್ ತಂತಿ ಕಳಿಸಿದ್ದರು, ಉತ್ತರವೂ ಬಂದಿತ್ತು. ಅದನ್ನು ಆಕೆ ಗ್ರೇಸಿಗೆ ಹೇಳಿಕೊಂಡರು. ಗ್ರೇಸಿ ಬದುಕಿ ಉಳಿದರು, ಎಲ್ಲ ಬರೆದಿಟ್ಟರು. ಅದರಿಂದಲೇ ನಮಗೆ ಇಷ್ಟು ಗೊತ್ತು.

ಮಧ್ಯರಾತ್ರಿ ದಾಟಿದ ಮೇಲೆ ಹೆಂಗಸರು, ಮಕ್ಕಳನ್ನು ದೋಣಿಗೆ ಹತ್ತಿಸೋಕೆ ಶುರುವಾಯಿತು. ಐಡಾ ಗಂಡನನ್ನು ಬಿಟ್ಟು ಹತ್ತೋದಿಲ್ಲ ಅಂದರು. ವಯಸ್ಸಾದವರಲ್ವಾ, ನೀವೂ ಹತ್ತಿ, ಯಾರೂ ಏನೂ ಅನ್ನೋದಿಲ್ಲ ಅಂತ ಪಕ್ಕದವರು ಇಸಿಡೋರ್‌ಗೆ ಹೇಳಿದರು. ಬೇರೆ ಗಂಡಸರಿಗಿಲ್ಲದ ಅವಕಾಶ ನನಗೆ ಬೇಡ ಅಂತ ಅವರು ಬಿಟ್ಟರು. ಎಷ್ಟು ವರ್ಷ ಒಟ್ಟಿಗೆ ಬಾಳಿದ್ದೇವೆ, ಸಾಯೋದೂ ಒಟ್ಟಿಗೇ ಅನ್ನೋ ಅರ್ಥದ ಮಾತು ಐಡಾ ಆಡಿದರಂತೆ. ಕೇಳಿದವರು ಒಬ್ಬೊಬ್ಬರು ಒಂದೊಂದು ರೀತಿ ಹೇಳಿದ್ದಾರೆ. ಡೆಕ್ಕಿನ ಮೇಲೆ ಅಕ್ಕಪಕ್ಕ ಕುರ್ಚಿಯಲ್ಲಿ ಕೂತಿದ್ದನ್ನು ಜನ ಕಂಡಿದ್ದೇ ಕೊನೆ.

ನಮ್ಮ ಕಡೆಯಾಗಿದ್ದರೆ ಒಂದು ಮಾಸ್ತಿಕಲ್ಲು ನಿಲ್ಲಿಸಿ, ಪತಿವ್ರತೆ ಅಂತ ಕೈಮುಗಿದು ಮುಗಿಸುತ್ತಿದ್ದೆವು. ನನಗೆ ಆ ದಾರಿ ಇಷ್ಟವಿಲ್ಲ ಮಾರಾಯ. ಆಕೆಯನ್ನು ಯಾರೂ ತಳ್ಳಲಿಲ್ಲ, ಗಂಡನೇ ಹೋಗು ಹೋಗು ಅಂದರೂ ಆಕೆ ಕೇಳಲಿಲ್ಲ. ಇನ್ನು ಆ ರಾತ್ರಿ ದೋಣಿ ಬೇಡ ಅಂದವರು ಇಬ್ಬರು. ಜನ ಮಾತ್ರ ಹೆಂಡತಿಯದ್ದನ್ನೇ ಜಾಸ್ತಿ ಹಾಡಿ ಹೊಗಳಿದರು. ಬೆಳೆದ ಮಕ್ಕಳೇ ಆದರೂ ಆರು ಮಕ್ಕಳಿಗೆ ಒಂದೇ ರಾತ್ರಿ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಆ ಮಕ್ಕಳಿಗೆ ಅದು ದೊಡ್ಡ ಪ್ರೇಮಕಥೆ ಅಂತ ಅನ್ನಿಸಿರುತ್ತಾ? ನೀನೇ ಹೇಳಬೇಕು, ನಿನಗೆ ನನಗಿಂತ ಚೆನ್ನಾಗಿ ಗೊತ್ತು.

ಐಡಾ ಅವರ ಜೊತೆ ಎಲೆನ್ ಬರ್ಡ್ ಅನ್ನೋ ಕೆಲಸದ ಹುಡುಗಿ ಇದ್ದಳು. ಹೊಸದಾಗಿ ಸೇರಿದವಳು. ಅವಳನ್ನು 8ನೇ ದೋಣಿಗೆ ಹತ್ತಿಸಿ, ಚಳಿಗೆ ಇರಲಿ, ನನಗಿನ್ನು ಬೇಡ ಅಂತ ತಮ್ಮ ತುಪ್ಪಳದ ಕೋಟನ್ನು ಕೊಟ್ಟುಬಿಟ್ಟರು. ನ್ಯೂಯಾರ್ಕಿಗೆ ಬಂದ ಮೇಲೆ ಎಲೆನ್ ಆ ಕೋಟನ್ನು ದೊಡ್ಡ ಮಗಳು ಸಾರಾಗೆ ಹಿಂತಿರುಗಿಸೋಕೆ ಹೋದಳು. ಅಮ್ಮ ನಿನಗೆ ಅಂತ ಕೊಟ್ಟಿದ್ದು, ನೀನೇ ಇಟ್ಟುಕೋ ಅಂದರಂತೆ ಸಾರಾ. ಸ್ಮಾರಕ, ಭಾಷಣ ಎಲ್ಲಕ್ಕಿಂತ ಮೊದಲು ಆ ಅಮ್ಮನನ್ನು ಸರಿಯಾಗಿ ಗೌರವಿಸಿದ್ದು ಇದೇ ಅಂತ ನನಗೆ ಅನ್ನಿಸುತ್ತೆ.

ಇಸಿಡೋರ್ ಅವರ ದೇಹ ಸಿಕ್ಕಿತು. ಐಡಾ ಅವರದು ಸಿಗಲೇ ಇಲ್ಲ. ಜೇಬಿನಲ್ಲಿದ್ದ ಚಿನ್ನದ ಗಡಿಯಾರ ಮನೆಗೆ ಬಂತು. 1888ರಲ್ಲಿ ಅವರ 43ನೇ ಹುಟ್ಟುಹಬ್ಬಕ್ಕೆ ಐಡಾ ಕೊಟ್ಟಿದ್ದು. ಅಂದರೆ ಅವತ್ತು ಆಕೆಯ ಹುಟ್ಟುಹಬ್ಬವೂ ಹೌದು! ಗಡಿಯಾರ ನಿಂತಿದ್ದು 2:20ಕ್ಕೆ, ಹಡಗು ಮುಳುಗಿದ ಹೊತ್ತಿಗೆ. 2025ರ ನವೆಂಬರಿನಲ್ಲಿ ಇಂಗ್ಲೆಂಡಿನ ಹರಾಜಿನಲ್ಲಿ ಅದು 17 ಲಕ್ಷ ಪೌಂಡಿಗೂ ಜಾಸ್ತಿ ಬೆಲೆಗೆ ಹೋಯಿತು. ಮನೆಯಲ್ಲೇ ಇರಬೇಕಿತ್ತು ಅಂತ ನನ್ನ ಹಳೇಕಾಲದ ಬುದ್ಧಿ ಹೇಳುತ್ತೆ.

ಯಹೂದಿಗಳಲ್ಲಿ ಸಾವಾದ ಮನೆಯವರು ಮಣ್ಣು ಮಾಡಿದ ಮೇಲೆ ಏಳು ದಿನ ಮನೆಯಲ್ಲೇ ಕೂರುತ್ತಾರೆ. ನೆಂಟರು, ನೆರೆಯವರು ಊಟ ತಂದು ಕೊಡುತ್ತಾರೆ. ವರ್ಷಕ್ಕೊಮ್ಮೆ ಅವರ ಪಂಚಾಂಗದ ಪ್ರಕಾರ ಸಾವಿನ ದಿನ ಬಂದಾಗ ಒಂದಿಡೀ ದಿನ ಉರಿಯುವ ದೀಪ ಹಚ್ಚುತ್ತಾರೆ. ಅದೂ ಚಂದ್ರನ ಲೆಕ್ಕವೇ, ನಮ್ಮ ತಿಥಿಯ ಹಾಗೆ ತಾರೀಕು ಹಿಂದೆ ಮುಂದೆ ಆಗುತ್ತೆ. ಸಮಾಧಿಯ ಮೇಲೆ ಹೂವಿನ ಬದಲು ಸಣ್ಣ ಕಲ್ಲು ಇಟ್ಟು ಬರೋದು ರೂಢಿ. ಸಮಾಧಿಯೇ ಇಲ್ಲದ ಅಮ್ಮನಿಗೆ ಎಲ್ಲಿ ಇಡೋದು? ಕೊನೆಗೆ ಹಡಗು ಮುಳುಗಿದ ಕಡೆಯ ಸಮುದ್ರದ ನೀರು ತರಿಸಿ, ಒಂದು ಪಾತ್ರೆಯಲ್ಲಿ ಹಾಕಿ, ಬ್ರಾಂಕ್ಸಿನ ವುಡ್‌ಲಾನ್ ಸ್ಮಶಾನದ ಮನೆತನದ ಸಮಾಧಿಮಂದಿರದಲ್ಲಿ ಇಟ್ಟರು. ಮೊದಲು ಬ್ರೂಕ್ಲಿನ್‌ನಲ್ಲಿ ಮಣ್ಣು ಮಾಡಿದ್ದ ಅಪ್ಪನನ್ನೂ 1928ರಲ್ಲಿ ಅಲ್ಲಿಗೇ ತಂದರು. ಎಷ್ಟು ನೀರು ಹರಿದರೂ ಪ್ರೀತಿಯನ್ನು ಆರಿಸೋಕೆ ಆಗೋದಿಲ್ಲ ಅನ್ನೋ ಬೈಬಲಿನ ಸಾಲು ಅಲ್ಲಿ ಕೆತ್ತಿದ್ದಾರೆ.

ಊರಿನವರೂ ಸುಮ್ಮನಿರಲಿಲ್ಲ. ಕಾರ್ನೆಗಿ ಹಾಲ್‌ನಲ್ಲಿ ದೊಡ್ಡ ಸಭೆ ನಡೆಯಿತು. ಮೇಸಿಸ್ ನೌಕರರು ತಾವಾಗಿ ದುಡ್ಡು ಹಾಕಿ 34ನೇ ಬೀದಿಯ ಬಾಗಿಲ ಹತ್ತಿರ ಒಂದು ಫಲಕ ಹಾಕಿಸಿದರು. ಗಂಡು ಮಕ್ಕಳು ಹಾರ್ವರ್ಡಿಗೆ ಒಂದು ಹಾಸ್ಟೆಲ್ ಕಟ್ಟಿಸಿಕೊಟ್ಟರು.

ಅವರ ಮನೆಯ ಹತ್ತಿರವೇ, ಬ್ರಾಡ್‌ವೇ 106ನೇ ಬೀದಿಯಲ್ಲಿ ಒಂದು ಮೂಲೆ ಪಾರ್ಕಿದೆ. ಸ್ಟ್ರಾಸ್ ಪಾರ್ಕ್. ಕಂಚಿನ ಹೆಂಗಸೊಬ್ಬಳು ಒರಗಿಕೊಂಡು ಕೆಳಗೆ ನೋಡ್ತಿದ್ದಾಳೆ. ಮೊದಲು ಕೆಳಗೆ ನೀರಿನ ಕೊಳ ಇತ್ತು, ಈಗ ಹೂಗಿಡ. ಸಾವಾಗಿ ಸರಿಯಾಗಿ ಮೂರು ವರ್ಷಕ್ಕೆ, 1915ರ ಏಪ್ರಿಲ್ 15ರಂದು ಉದ್ಘಾಟನೆ ಮಾಡಿದರು. ದುಡ್ಡು ಜನರಿಂದ ಎತ್ತಿದ್ದು. ಹಿಂದಿನ ಕಲ್ಲಿನ ಮೇಲೆ ಇಬ್ಬರ ಹೆಸರು, ಕೆಳಗೆ ಬೈಬಲಿನ ಇನ್ನೊಂದು ಮಾತು. ಬದುಕಿದ್ದಾಗ ಚೆನ್ನಾಗಿದ್ದರು, ಸಾವಿನಲ್ಲೂ ಅವರು ಬೇರೆಯಾಗಲಿಲ್ಲ ಅಂತ. ಮೂಲದಲ್ಲಿ ಅದು ಗಂಡ-ಹೆಂಡತಿಗೆ ಹೇಳಿದ್ದಲ್ಲ, ಯುದ್ಧದಲ್ಲಿ ಸತ್ತ ಸೌಲ ರಾಜ ಮತ್ತು ಅವನ ಮಗ ಯೋನಾತಾನನಿಗೆ ದಾವೀದ ಹಾಡಿ ಅತ್ತಿದ್ದು. ನಿಜ ನೋಡಿದರೆ ಒಬ್ಬರು ಸಿಕ್ಕಿ ಒಬ್ಬರು ಸಿಗದೇ ಹೋದರು, ಸಾವು ಬೇರೆ ಮಾಡಿಯೇ ಮಾಡಿತು. ಆದರೂ ಆ ಬೆಂಚಿನಲ್ಲಿ ಕೂತು ಓದುವಾಗ ಸುಳ್ಳು ಅನ್ನಿಸೋದಿಲ್ಲ. ಪಕ್ಕದಲ್ಲಿ ಯಾರೋ ಸ್ಯಾಂಡ್‌ವಿಚ್ ತಿಂತಿರ್ತಾರೆ, ನಾಯಿಗಳು ಓಡಾಡ್ತಿರ್ತವೆ. ಹೆಚ್ಚಿನವರಿಗೆ ಹೆಸರೂ ಗೊತ್ತಿರಲಿಕ್ಕಿಲ್ಲ. ಕೂರೋಕೆ ಜಾಗ ಸಿಕ್ಕಿದೆ, ಅಷ್ಟೇ.

ಅದಕ್ಕೇ ಹೇಳ್ತೀನಿ, ಕೊಠಡಿಗಿಂತ ತಂಗುದಾಣವೇ ಇರಲಿ. ಮಳೆ ಬಂದಾಗ ಜನ ನಿಲ್ಲಲಿ. ಫಲಕದಲ್ಲಿ ಅಪ್ಪನ ಹೆಸರು ದಪ್ಪ ಅಕ್ಷರದಲ್ಲಿ, ಕೆಳಗೆ ‘ಮತ್ತು ಧರ್ಮಪತ್ನಿ’ ಅಂತ ಮಾಡಿಸಬೇಡ. ಅಮ್ಮನಿಗೂ ಒಂದು ಹೆಸರಿದೆ, ಅಷ್ಟೇ ದೊಡ್ಡದಾಗಿ ಬರೆಸು. ಅಪ್ಪ ಬೇರೆ ಊರಿಗೆ ವರ್ಗವಾಗಿದ್ದಾಗ ಅಮ್ಮನಿಗೆ ಬರೆದ ಇನ್‌ಲ್ಯಾಂಡ್ ಕಾಗದಗಳು ಅಟ್ಟದ ಟ್ರಂಕಿನಲ್ಲಿವೆ ಅಂತ ನೀನೇ ಒಮ್ಮೆ ಹೇಳಿದ್ದೆ. ಗೆದ್ದಲು ಹಿಡಿಯೋ ಮೊದಲು ಕೆಳಗೆ ಇಳಿಸು. ತಂಗಿಯ ಹತ್ತಿರ ಇನ್ನಷ್ಟಿದ್ದರೂ ಇರಬಹುದು, ಕೇಳು. ಫೋನಿನಲ್ಲಿ ಫೋಟೊ ತೆಗೆದು ಕಳಿಸಿದರೆ ನಾನೇ ಕೂತು ಟೈಪ್ ಮಾಡಿಕೊಡ್ತೀನಿ. ಅಪ್ಪನ ಕೈಬರಹ ನನಗೆ ಓದೋಕೆ ಬರುತ್ತೆ, ಅವರ ಹತ್ತಿರ ಲೆಕ್ಕ ಹೇಳಿಸಿಕೊಂಡವನಲ್ವಾ ನಾನು.

ಇಂತಿ,
ನಿನ್ನ ಗೆಳೆಯ